ಒಡಲಿಗೆ ನೆನಪಿದೆ

ತಾಯಿ ಕಾರ್ಡಿನ ಒಂದು ಮೂಲೆಯಲ್ಲೋ ಆಸ್ಪತ್ರೆಯ ಚೀಟಿಯ ಮೇಲ್ತುದಿಯಲ್ಲೋ ವೈದ್ಯರು ‘ಜಿ2 ಪಿ1 ಎಲ್1’ ಎಂದು ಗೀಚಿರುತ್ತಾರೆ. ಇದು ಎರಡನೆಯ ಬಸಿರು, ಹಿಂದೆ ಒಂದು ಹೆರಿಗೆಯಾಗಿದೆ, ಒಂದು ಮಗು ಇದೆ ಎಂದು ಅದರ ಅರ್ಥ. ಅದೇ ‘ಜಿ3 ಪಿ1’ ಎಂದಿದ್ದರೆ ನಡುವೆ ಒಂದು ಬಸಿರು ಉಳಿಯಲಿಲ್ಲವೆಂದು ತಿಳಿಯಬೇಕು. ಮನೆಯಲ್ಲಿ ಯಾರೂ ಎಣಿಕೆಗೆ ಹಿಡಿಯದ, ಮಾತಾಡಲೂ ಇಷ್ಟಪಡದ ಆ ಬಸಿರು ವೈದ್ಯರ ಲೆಕ್ಕಕ್ಕೆ ಬರುತ್ತದೆ. ಏಕೆಂದರೆ ತಾಯಿಯ ದೇಹ ಅದನ್ನೂ ಎಣಿಸಿರುತ್ತದೆ.

ಚೊಚ್ಚಲಿಗೆ ಸಿಗುವ ಸಡಗರ ಎರಡನೆಯದಕ್ಕೆ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಸೀಮಂತ ಮೊದಲ ಬಸಿರಿಗೇ ಮುಗಿದುಹೋಗುತ್ತದೆ. ‘ಎಲ್ಲಾ ಗೊತ್ತಿರೋದೇ ತಾನೇ’ ಎಂಬ ಧೈರ್ಯ ಅತ್ತೆಗೂ ಇರುತ್ತದೆ, ಸೊಸೆಗೂ ಇರುತ್ತದೆ. ಮೊದಲ ಸಲ ತಿಂಗಳು ತಪ್ಪಿದ ವಾರದಲ್ಲೇ ಓಡಿಹೋಗಿ ತೋರಿಸಿಕೊಂಡವಳು ಎರಡನೆಯ ಸಲ ಮೂರು ತಿಂಗಳು ತುಂಬಿದ ಮೇಲೆ ಹೋಗುತ್ತಾಳೆ. ಆದರೆ ಜೀವಶಾಸ್ತ್ರದ ಕಣ್ಣಲ್ಲಿ ಎರಡನೆಯ ಬಸಿರು ಮೊದಲನೆಯದರ ಮರುಪ್ರದರ್ಶನವಲ್ಲ. ಮೊದಲ ಮಗು ಇದ್ದುಹೋದ ಒಡಲಲ್ಲಿ ಎರಡನೆಯದು ಬೆಳೆಯುತ್ತದೆ, ಆ ಒಡಲಿಗೆ ನೆನಪಿದೆ. ಕೆಲವು ನೆನಪುಗಳು ಎರಡನೆಯ ಮಗುವನ್ನು ಕಾಯುತ್ತವೆ. ಒಂದು ನೆನಪು ಮಾತ್ರ ಕೊಲ್ಲುತ್ತಿತ್ತು.

ಮೊದಲು ಕಾಯುವ ನೆನಪುಗಳು. ಗರ್ಭಕೋಶದ ಒಳಗೋಡೆಗೆ ರಕ್ತ ತರುವ ಸಣ್ಣ ಅಪಧಮನಿಗಳು ಸುರುಳಿ ಸುರುಳಿಯಾಗಿರುತ್ತವೆ. ಚೊಚ್ಚಲ ಬಸಿರಿನಲ್ಲಿ ಮಾಸಿನ ಜೀವಕೋಶಗಳು ಈ ನಾಳಗಳ ಗೋಡೆಗೆ ನುಗ್ಗಿ, ಅಲ್ಲಿನ ಸ್ನಾಯುವನ್ನು ಸವೆಸಿ, ಅವುಗಳ ಬಾಯನ್ನು ಹಲವು ಪಟ್ಟು ಅಗಲ ಮಾಡುತ್ತವೆ. ಹೆರಿಗೆಯ ನಂತರ ನಾಳಗಳು ಮತ್ತೆ ಕಿರಿದಾಗುತ್ತವೆ, ಆದರೆ ಪೂರ್ತಿಯಾಗಿ ಹಿಂದಿನಂತಾಗುವುದಿಲ್ಲ. ಒಮ್ಮೆ ತೋಡಿದ ಕಾಲುವೆಯಲ್ಲಿ ಎರಡನೆಯ ಸಲ ನೀರು ಹರಿಸುವುದು ಸುಲಭ. ಎರಡನೆಯ ಮಗು ಚೊಚ್ಚಲಿಗಿಂತ ಸರಾಸರಿ ನೂರು ಗ್ರಾಂನಷ್ಟು ಹೆಚ್ಚು ತೂಗುವುದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಹೊಟ್ಟೆಯ ಸ್ನಾಯುಗಳು ಒಮ್ಮೆ ಹಿಗ್ಗಿ ಸಡಿಲಾಗಿರುವುದರಿಂದ ಹೊಟ್ಟೆ ಬೇಗ ಕಾಣುತ್ತದೆ. ಮಗುವಿನ ಮಿಸುಕಾಟ ಚೊಚ್ಚಲಲ್ಲಿ ಐದನೇ ತಿಂಗಳ ಹೊತ್ತಿಗೆ ಗೊತ್ತಾದರೆ ಈಗ ಎರಡು ಮೂರು ವಾರ ಮೊದಲೇ ಗೊತ್ತಾಗುತ್ತದೆ. ಮಗು ಮೊದಲೇ ಒದೆಯಲು ಶುರುಮಾಡಿದೆ ಎಂದಲ್ಲ. ಅದು ವಾಯುವಲ್ಲ, ಮಗು ಎಂದು ತಾಯಿಗೆ ಈಗ ತಿಳಿದಿದೆ.

ಬಸುರಿಯರ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು, ಕೈಕಾಲು ಬಾತು, ಕೆಟ್ಟರೆ ಫಿಟ್ಸ್‌ವರೆಗೆ ಹೋಗುವ ಪ್ರಿ-ಎಕ್ಲಾಂಪ್ಸಿಯ ಎಂಬ ಕಾಯಿಲೆ ಮುಖ್ಯವಾಗಿ ಚೊಚ್ಚಲ ಬಸಿರಿನದು. ಮೊದಲ ಸಲ ಬಾರದಿದ್ದರೆ ಎರಡನೆಯ ಸಲ ಬರುವ ಸಾಧ್ಯತೆ ಬಹಳ ಕಡಿಮೆ. ಆದರೆ ಈ ರಕ್ಷಣೆಗೆ ಅವಧಿಯಿದೆ. ನಾರ್ವೆಯ ಜನನ ದಾಖಲೆಗಳನ್ನು ಜಾಲಾಡಿ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಹೆರಿಗೆಗಳ ನಡುವೆ ಹತ್ತು ವರ್ಷ ಕಳೆದರೆ ಆ ತಾಯಿಯ ಅಪಾಯ ಹೆಚ್ಚುಕಡಿಮೆ ಚೊಚ್ಚಲ ಬಸುರಿಯಷ್ಟೇ ಆಗುತ್ತದೆ. ಮೊದಲನೆಯದು ಹೈಸ್ಕೂಲು ಸೇರಿದ ಮೇಲೆ ಎರಡನೆಯದಕ್ಕೆ ಮನಸ್ಸು ಮಾಡಿದವರು ‘ನನಗೆ ಮೊದಲನೇ ಸಲ ಬಿಪಿ ಇರಲಿಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಇನ್ನೊಂದು ನೆನಪು ರಕ್ತದಲ್ಲಿದೆ. 1953ರಲ್ಲಿ ಬ್ರಿಟನ್ನಿನ ಪೀಟರ್ ಮೆಡವಾರ್ ಒಂದು ಪ್ರಶ್ನೆ ಎತ್ತಿದರು. ಭ್ರೂಣದ ಅರ್ಧ ವಂಶವಾಹಿಗಳು ಅಪ್ಪನವು, ಅಂದರೆ ತಾಯಿಯ ಪಾಲಿಗೆ ಅನ್ಯ. ಬೇರೊಬ್ಬರ ಚರ್ಮದ ತುಣುಕನ್ನು ಅಂಟಿಸಿದರೆ ವಾರಗಳಲ್ಲಿ ಕಿತ್ತೊಗೆಯುವ ದೇಹ ಈ ಅನ್ಯವನ್ನು ಒಂಬತ್ತು ತಿಂಗಳು ಏಕೆ ಸಹಿಸುತ್ತದೆ? ಉತ್ತರದ ಒಂದು ಭಾಗ ಸಿಕ್ಕಿದ್ದು ಬಹಳ ತಡವಾಗಿ. ರೋಗನಿರೋಧಕ ಪಡೆಯಲ್ಲಿ ಕೆಲವು ಜೀವಕೋಶಗಳ ಕೆಲಸ ದಾಳಿ ಮಾಡುವುದಲ್ಲ, ದಾಳಿಯನ್ನು ತಡೆಯುವುದು. 2012ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಲ್ಲಿ ತೋರಿಸಿದಂತೆ, ಮೊದಲ ಬಸಿರಿನಲ್ಲಿ ಹುಟ್ಟಿದ ಇಂಥ ಶಾಂತಿಪಾಲಕ ಕೋಶಗಳು ಹೆರಿಗೆಯ ನಂತರವೂ ಉಳಿದುಕೊಂಡು, ಅದೇ ಅಪ್ಪನ ಮರಿಗಳು ಮತ್ತೆ ಬಂದಾಗ ಚುರುಕಾಗಿ ಹೆಚ್ಚುತ್ತವೆ. ಮಗುವಿನ ಜೀವಕೋಶಗಳೇ ತಾಯಿಯಲ್ಲಿ ಉಳಿದುಬಿಡುವುದೂ ಉಂಟು. ಗಂಡುಮಗುವನ್ನು ಹೆತ್ತ ತಾಯಿಯೊಬ್ಬರ ರಕ್ತದಲ್ಲಿ 27 ವರ್ಷದ ನಂತರವೂ ಆ ಮಗುವಿನದೆನ್ನಬಹುದಾದ ಗಂಡು ಕೋಶಗಳನ್ನು 1996ರಲ್ಲಿ ಅಮೆರಿಕದ ಡಯಾನಾ ಬಿಯಾಂಕಿ ಮತ್ತು ಸಂಗಡಿಗರು ಪತ್ತೆಮಾಡಿದರು. ಎರಡನೆಯ ಮಗು ಒಡಲಿಗೆ ಬರುವ ಹೊತ್ತಿಗೆ ಅಣ್ಣನೋ ಅಕ್ಕನೋ ಅಲ್ಲಿಂದ ಪೂರ್ತಿ ಖಾಲಿ ಮಾಡಿರುವುದಿಲ್ಲ.

ಇನ್ನು ಕೊಲ್ಲುವ ನೆನಪು.

ಚೊಚ್ಚಲ ಮಗು ಆರೋಗ್ಯವಾಗಿ ಹುಟ್ಟುತ್ತದೆ. ಎರಡನೆಯದು ಹುಟ್ಟಿದ ದಿನವೇ ಅರಿಶಿನದಂತೆ ಹಳದಿಯಾಗಿ ಸಾಯುತ್ತದೆ. ಮೂರನೆಯದು ಹೊಟ್ಟೆಯಲ್ಲೇ ನೀರು ತುಂಬಿಕೊಂಡು ತೀರಿಹೋಗುತ್ತದೆ. ಆಮೇಲಿನದೂ ಹಾಗೆಯೇ. ಇಂಥ ತಾಯಂದಿರು ಎಲ್ಲ ದೇಶಗಳಲ್ಲೂ ಇದ್ದರು. ಮಾಟ, ಶಾಪ, ದೋಷ ಎಂದು ಅವರು ಎಷ್ಟು ಮಾತು ಕೇಳಿರಬಹುದು, ಎಷ್ಟು ಹರಕೆ ಹೊತ್ತಿರಬಹುದು, ಊಹಿಸುವುದು ಕಷ್ಟವಲ್ಲ. ಒಂದು ಮಗು ಹುಟ್ಟಿ ಬದುಕಿದ್ದರಿಂದಲೇ ಈ ಒಗಟು ಇನ್ನಷ್ಟು ಜಟಿಲವಾಗಿತ್ತು. ತಾಯಿಯಲ್ಲಿ ದೋಷವಿದ್ದರೆ ಮೊದಲನೆಯದು ಹೇಗೆ ಉಳಿಯಿತು?

1939ರಲ್ಲಿ ಅಮೆರಿಕದ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಒಬ್ಬ ರೋಗಿಯ ಬಗ್ಗೆ ಪುಟ್ಟ ವರದಿ ಬರೆದರು. ಇಪ್ಪತ್ತೈದರ ಹೆಂಗಸು, ಎರಡನೆಯ ಹೆರಿಗೆ, ಸತ್ತು ಹುಟ್ಟಿದ ಮಗು. ರಕ್ತಸ್ರಾವವಾಗಿದ್ದರಿಂದ ಆಕೆಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ ‘ಓ’ ಗುಂಪು, ತೊಂದರೆಯಾಗಬಾರದಿತ್ತು. ಆದರೂ ಆಕೆಯ ದೇಹ ಆ ರಕ್ತದ ಮೇಲೆ ಮುಗಿಬಿತ್ತು. ಗಂಡನಲ್ಲಿದ್ದು ಆಕೆಯಲ್ಲಿಲ್ಲದ ಯಾವುದೋ ಅಂಶವೊಂದು ಮಗುವಿಗೂ ಬಂದಿತ್ತು, ಅದರ ವಿರುದ್ಧ ಬಸಿರಿನಲ್ಲೇ ಆಕೆಯ ದೇಹ ಸಿದ್ಧವಾಗಿತ್ತು ಎಂದು ಅವರು ತರ್ಕಿಸಿದರು. ಮರುವರ್ಷ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಯ ರಕ್ತದೊಂದಿಗೆ ಮಾಡಿದ ಪ್ರಯೋಗಗಳಿಂದ ಆ ಅಂಶಕ್ಕೆ ಆರ್‌ಎಚ್ ಎಂಬ ಹೆಸರು ಬಂತು. ನಮ್ಮ ರಕ್ತದ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುವುದು ಇದನ್ನೇ.

ಭಾರತದಲ್ಲಿ ನೂರಕ್ಕೆ ಐದರಷ್ಟು ಜನ ನೆಗೆಟಿವ್. ಯುರೋಪಿಯನ್ನರಲ್ಲಿ ಹದಿನೈದು. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಆದಾಗ ಮಗು ಪಾಸಿಟಿವ್ ಆಗಬಹುದು. ಬಸಿರಿನುದ್ದಕ್ಕೂ ತಾಯಿಯ ರಕ್ತ, ಮಗುವಿನ ರಕ್ತ ಮಾಸಿನ ಆಚೀಚೆ ಬೇರೆಬೇರೆಯಾಗಿ ಹರಿಯುತ್ತವೆ. ಹೆರಿಗೆಯಲ್ಲಿ ಮಾಸು ಕಳಚುವಾಗ ಮಗುವಿನ ರಕ್ತ ಒಂದಿಷ್ಟು ತಾಯಿಗೆ ಸೇರಿಬಿಡುತ್ತದೆ. ಚಮಚದಷ್ಟೂ ಬೇಕಿಲ್ಲ, ಹನಿಗಳು ಸಾಕು. ಆಕೆಯ ರೋಗನಿರೋಧಕ ವ್ಯವಸ್ಥೆಗೆ ಅದು ಅನ್ಯವಸ್ತು, ನಿಧಾನವಾಗಿ ಪ್ರತಿಕಾಯಗಳನ್ನು ತಯಾರಿಸಲು ಶುರುಮಾಡುತ್ತದೆ. ಅಷ್ಟರಲ್ಲಿ ಚೊಚ್ಚಲ ಮಗು ಹೊರಗೆ ಬಂದಾಗಿದೆ. ಅದು ಪಾರಾಗುವುದು ಹೀಗೆ.

ಒಂದು ವೇಳೆ ಮಗು ಒಳಗಿದ್ದಾಗಲೇ ಪ್ರತಿಕಾಯ ಹುಟ್ಟಿದರೂ ಮೊದಮೊದಲು ಬರುವುದು ಐಜಿಎಂ ಎಂಬ ದೊಡ್ಡ ಗಾತ್ರದ್ದು. ಐದು ಪ್ರತಿಕಾಯಗಳು ಕೂಡಿಕೊಂಡ ಕಟ್ಟು ಅದು, ಮಾಸನ್ನು ದಾಟಲಾರದು. ಎರಡನೆಯ ಸಲ ಪಾಸಿಟಿವ್ ರಕ್ತ ಕಂಡಾಗ ನೆನಪಿನ ಕೋಶಗಳು ತಡಮಾಡದೆ ಐಜಿಜಿ ಎಂಬ ಚಿಕ್ಕ ಪ್ರತಿಕಾಯವನ್ನು ಸುರಿಯುತ್ತವೆ. ಇದನ್ನು ಮಾಸು ತಡೆಯುವುದಿಲ್ಲ, ತಾನೇ ಎತ್ತಿ ಮಗುವಿಗೆ ದಾಟಿಸುತ್ತದೆ. ಏಕೆಂದರೆ ತಾಯಿಯ ಐಜಿಜಿಯನ್ನು ಮಗುವಿಗೆ ಕೊಟ್ಟು ರೋಗಗಳಿಂದ ಕಾಪಾಡುವುದೇ ಅದರ ಕೆಲಸ. ಮಗುವಿನ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ರಕ್ತಹೀನತೆ, ಕಾಮಾಲೆ, ಮೈಯೆಲ್ಲ ನೀರು. ಒಡೆದ ಕಣಗಳಿಂದ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತು ಮಿದುಳಿಗೆ ಹೋದರೆ ಬದುಕುಳಿದ ಮಗುವಿಗೂ ಕಿವುಡು, ಅಂಗವೈಕಲ್ಯ. ಕಾಪಾಡಲೆಂದು ಇರುವ ಬಾಗಿಲಿನಿಂದಲೇ ಎರಡನೆಯ ಮಗುವಿಗೆ ಸಾವು ಬರುತ್ತಿತ್ತು.

ಪರಿಹಾರ ಹೊಳೆದ ಕಥೆ ವಿಜ್ಞಾನದ ಇತಿಹಾಸದಲ್ಲೇ ಸೊಗಸಾದ ಕಥೆಗಳಲ್ಲೊಂದು. ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್ ಅವರಿಗೆ ಚಿಟ್ಟೆಗಳ ಹುಚ್ಚು. ಚಿಟ್ಟೆಗಳ ರೆಕ್ಕೆಯ ವಿನ್ಯಾಸ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ ಎಂದು ಹುಡುಕುತ್ತಿದ್ದವರು ಅದೇ ತಳಿಶಾಸ್ತ್ರದ ಜಾಡಿನಲ್ಲಿ ರಕ್ತದ ಗುಂಪುಗಳಿಗೆ ಬಂದರು. ಅಲ್ಲಿ ಅವರ ಜೊತೆಗಿದ್ದ ರೊನಾಲ್ಡ್ ಫಿನ್ ಅವರ ಯೋಚನೆ ಇಷ್ಟೇ: ಹೆರಿಗೆಯಾದ ಕೂಡಲೇ ತಾಯಿಗೆ ಬೇರೆಯವರಿಂದ ಪಡೆದ ಪ್ರತಿಕಾಯವನ್ನೇ ಚುಚ್ಚಿದರೆ? ಅದು ಸೇರಿಕೊಂಡ ಮಗುವಿನ ಕಣಗಳನ್ನು ತಾಯಿಯ ದೇಹ ಗಮನಿಸುವ ಮೊದಲೇ ತೆಗೆದುಹಾಕುತ್ತದೆ. ಗಮನಕ್ಕೆ ಬಾರದ್ದು ನೆನಪಾಗಿ ಉಳಿಯದು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಫ್ರೆಡಾ, ಜಾನ್ ಗೋರ್ಮನ್ ಮತ್ತು ವಿಲಿಯಂ ಪೊಲ್ಯಾಕ್ ಬೇರೆ ದಾರಿಯಿಂದ ಇದೇ ವಿಚಾರಕ್ಕೆ ತಲುಪಿದ್ದರು. ಅವರು ಪ್ರಯೋಗ ಮಾಡಿದ್ದು ಸಿಂಗ್ ಸಿಂಗ್ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳ ಮೇಲೆ. ಗಂಡು ಕೈದಿಗಳು! ಎಂದೂ ಹೆರದವರಿಗೆ ಪಾಸಿಟಿವ್ ರಕ್ತಕಣ ಚುಚ್ಚಿ, ಬಾಣಂತಿಯರಿಗೆ ಮದ್ದು ಕಂಡುಹಿಡಿದರು. ಹೆರಿಗೆಯಾದ 72 ಗಂಟೆಯೊಳಗೆ ಇಂಜೆಕ್ಷನ್ ಆಗಬೇಕೆಂಬ ನಿಯಮವೂ ಅಲ್ಲಿಂದಲೇ ಬಂತು. ಸೆರೆಮನೆಯವರು ಅದಕ್ಕಿಂತ ಬೇಗ ಬೇಗ ಒಳಗೆ ಬಿಡುತ್ತಿರಲಿಲ್ಲವಂತೆ! ಸೆರೆಮನೆಯ ಬಾಗಿಲಿನ ಆ ಲೆಕ್ಕ ಇಂದಿಗೂ ಪ್ರಪಂಚದ ಎಲ್ಲ ಹೆರಿಗೆ ವಾರ್ಡುಗಳಲ್ಲಿ ನಡೆಯುತ್ತಿದೆ.

1964ರ ಜನವರಿ 31ರಂದು ಈ ಮದ್ದು ಬ್ರಿಟನ್ನಿನ ಒಬ್ಬ ಬಾಣಂತಿಗೆ ಸಿಕ್ಕಿತು. ಆಕೆ ಬೇರೆ ಯಾರೂ ಅಲ್ಲ, ಗೋರ್ಮನ್ ಅವರ ಸಹೋದರನ ಹೆಂಡತಿ. ಆಮೇಲೆಯೂ ಆಕೆ ಮಕ್ಕಳನ್ನು ಹೆತ್ತರು, ಯಾವ ಮಗುವಿಗೂ ಆ ಕಾಯಿಲೆ ಬರಲಿಲ್ಲ. 1968ರಲ್ಲಿ ಅಮೆರಿಕದಲ್ಲಿ ಈ ಇಂಜೆಕ್ಷನ್ನಿಗೆ ಪರವಾನಗಿ ದೊರೆಯಿತು. ಐವರಿಗೂ 1980ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಹಂಚಿಕೆಯಾಯಿತು. ನೊಬೆಲ್ ಬರಲಿಲ್ಲ. ಬರಬೇಕಿತ್ತು.

ಆಂಟಿ-ಡಿ ಎಂದು ಕರೆಯುವ ಈ ಮದ್ದು ಇಂದಿಗೂ ಬಹುಮಟ್ಟಿಗೆ ಮನುಷ್ಯರ ರಕ್ತದಿಂದಲೇ ಬರುತ್ತದೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಯಾರ‍್ಯಾರದೋ ರಕ್ತ ಪಡೆದು ಬದುಕಿದವರು. ಹದಿನೆಂಟು ತುಂಬುತ್ತಲೇ ಋಣ ತೀರಿಸಲು ರಕ್ತದಾನ ಶುರುಮಾಡಿದರು. ಅವರ ಪ್ಲಾಸ್ಮಾದಲ್ಲಿ ಆರ್‌ಎಚ್ ಪ್ರತಿಕಾಯ ಸಮೃದ್ಧವಾಗಿರುವುದು ಗೊತ್ತಾಯಿತು. 2018ರವರೆಗೆ, 81 ವರ್ಷದ ತನಕ, 1,173 ಸಲ ದಾನ ಮಾಡಿದರು. ಅವರಿಂದ 24 ಲಕ್ಷ ಮಕ್ಕಳಿಗೆ ನೆರವಾಗಿದೆ ಎಂದು ಅಲ್ಲಿನ ರೆಡ್‌ಕ್ರಾಸ್ ಅಂದಾಜು ಮಾಡಿದೆ. ಅವರ ಸ್ವಂತ ಮಗಳೂ ಈ ಇಂಜೆಕ್ಷನ್ ಪಡೆದವರು. ಹ್ಯಾರಿಸನ್ 2025ರ ಫೆಬ್ರವರಿಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು.

ಇಂಜೆಕ್ಷನ್ ಕೊಡದ ಕಾಲದಲ್ಲಿ, ತಾಯಿ ಮಗುವಿನ ಎಬಿಓ ಗುಂಪು ಹೊಂದುವ ಕಡೆ, ಪಾಸಿಟಿವ್ ಮಗುವನ್ನು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಹದಿನಾರರಷ್ಟು ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತಿತ್ತು. ಏಳನೇ ತಿಂಗಳ ಸುಮಾರಿಗೆ ಒಂದು, ಹೆರಿಗೆಯ ನಂತರ ಒಂದು ಇಂಜೆಕ್ಷನ್ ಕೊಟ್ಟರೆ ಅದು ಸಾವಿರಕ್ಕೆ ಒಂದೆರಡಕ್ಕೆ ಇಳಿಯುತ್ತದೆ. ನಿಮ್ಮ ಮನೆಯ ಹೆಣ್ಣುಮಗಳು ನೆಗೆಟಿವ್ ಆಗಿದ್ದರೆ ಒಂದು ಮಾತು ನೆನಪಿಡಿ: ಆಂಟಿ-ಡಿ ಚೊಚ್ಚಲಿಗೆ ಕೊಡುವ ಮದ್ದಾದರೂ ಅದು ಕಾಯುವುದು ಇನ್ನೂ ಹುಟ್ಟದ ಎರಡನೆಯದನ್ನು. ಗರ್ಭಪಾತವಾದಾಗಲೂ ವೈದ್ಯರನ್ನು ಕೇಳಲೇಬೇಕು. ಯಾರಿಗೂ ತಿಳಿಯದಂತೆ ಮಾತ್ರೆ ನುಂಗಿ ಮುಗಿಸಿದ ಬಸಿರನ್ನು ವೈದ್ಯರಿಂದ ಮುಚ್ಚಿಟ್ಟರೆ ಬೆಲೆ ತೆರುವುದು ಮುಂದಿನ ಮಗು.

ಎಷ್ಟು ಅಂತರ ಇರಬೇಕು? ಒಂದು ಹೆರಿಗೆಯ ನಂತರ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳು ಕಾಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಸಿರಿಗೆ ಒಟ್ಟು ಸಾವಿರ ಮಿಲಿಗ್ರಾಂನಷ್ಟು ಕಬ್ಬಿಣಾಂಶ ಬೇಕು. ನಮ್ಮ ಬಹುಪಾಲು ಹೆಂಗಸರು ಮೊದಲೇ ರಕ್ತಹೀನರು. ಆ ಸಾಲ ತೀರುವ ಮೊದಲೇ ಇನ್ನೊಂದು ಸಾಲ ಬೇಡ. ಹಾಲೂಡಿಸುವಾಗ ಬಸಿರು ನಿಲ್ಲದು ಎಂಬ ನಂಬಿಕೆಯನ್ನು ಅರ್ಧ ನಂಬಬಹುದು. ಮಗುವಿಗೆ ಆರು ತಿಂಗಳಾಗಿಲ್ಲ, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಮರಳಿಲ್ಲ ಎಂಬ ಮೂರೂ ಒಟ್ಟಿಗೆ ಇದ್ದರೆ ಬಸಿರಾಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ. ಮೊದಲ ಮುಟ್ಟಿಗೆ ಮುನ್ನವೇ ಅಂಡ ಬಿಡುಗಡೆಯಾಗಬಲ್ಲದು, ಆದ್ದರಿಂದ ಮುಟ್ಟೇ ಆಗದೆ ಎರಡನೆಯದಕ್ಕೆ ನಿಂತವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ನೋವು ಸರಿಯಾಗಿ ಹಿಡಿದ ಮೇಲೆ ಚೊಚ್ಚಲಿಗೆ ಸರಾಸರಿ 8 ಗಂಟೆ ಬೇಕು, ಎರಡನೆಯದಕ್ಕೆ 5. ದೂರದ ಹಳ್ಳಿಯವರು ಹೊರಡುವುದು ತಡಮಾಡಬಾರದು. ಹೆರಿಗೆಯ ನಂತರ ಮಗು ಹಾಲು ಕುಡಿಯುವಾಗಲೆಲ್ಲ ಕಿಬ್ಬೊಟ್ಟೆ ಹಿಂಡುವುದು ಈ ಸಲ ಹೆಚ್ಚು. ಸಡಿಲಾದ ಗರ್ಭಕೋಶ ಬಿಗಿಯಾಗಲು ಹೆಣಗುತ್ತಿರುತ್ತದೆ. ಇದಕ್ಕೆ ಹೆದರಬೇಕಿಲ್ಲ.

ಮೊದಲನೆಯದು ಸಿಸೇರಿಯನ್ ಆಗಿದ್ದರೆ ಕಥೆ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಶೇ 21.5 ಸಿಸೇರಿಯನ್, ಆದ್ದರಿಂದ ಈ ಪ್ರಶ್ನೆ ಲಕ್ಷಾಂತರ ಮನೆಗಳದು. ಒಮ್ಮೆ ಕುಯ್ದರೆ ಮತ್ತೆ ಕುಯ್ಯಲೇಬೇಕು ಎಂಬುದು ಹಳೆಯ ಮಾತು. ಸೂಕ್ತವಾದವರನ್ನು ಆರಿಸಿ ಪ್ರಯತ್ನಿಸಿದರೆ ನಾಲ್ವರಲ್ಲಿ ಮೂವರಿಗೆ ಸಹಜ ಹೆರಿಗೆಯಾಗುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಸುಮಾರು ಇನ್ನೂರಕ್ಕೆ ಒಂದು. ಒಂದೇ ಆದರೂ ಅದು ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗಬಲ್ಲದು. ತಕ್ಷಣ ಶಸ್ತ್ರಚಿಕಿತ್ಸೆ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಈ ಪ್ರಯತ್ನ ಸರಿ. ಹಳೆಯ ಗಾಯದ ಮೇಲೆಯೇ ಮಾಸು ಬೇರೂರಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ನೋಡಿಸಲೇಬೇಕು.

ಸ್ಕ್ಯಾನಿಂಗ್ ಎಂದಾಗ ಹೇಳದೆ ಬಿಡಲಾಗದ ವಿಷಯವೊಂದಿದೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಭಾರತದ ಎರಡನೆಯ ಮಕ್ಕಳನ್ನು ಎಣಿಸಿ ನೋಡಿತು. ಮೊದಲನೆಯದು ಗಂಡಾಗಿದ್ದ ಮನೆಗಳಲ್ಲಿ ಎರಡನೆಯ ಮಕ್ಕಳ ಲಿಂಗಾನುಪಾತ ಕುಸಿದಿರಲಿಲ್ಲ. ಮೊದಲನೆಯದು ಹೆಣ್ಣಾಗಿದ್ದ ಮನೆಗಳಲ್ಲಿ ಸಾವಿರ ಗಂಡಿಗೆ 1990ರಲ್ಲಿ 906 ಹೆಣ್ಣುಗಳಿದ್ದದ್ದು 2005ಕ್ಕೆ 836ಕ್ಕೆ ಇಳಿದಿತ್ತು. ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾಯ್ದೆ 1994ರದು; ಅಂದರೆ ಈ ಇಳಿತದ ಬಹುಪಾಲು ಕಾಯ್ದೆ ಇದ್ದಾಗಲೇ ನಡೆದದ್ದು. ಇಲ್ಲಿ ಪ್ರಕೃತಿಯ ಕೈವಾಡವಿಲ್ಲ. ಓದಿದ, ಹಣವುಳ್ಳ ಮನೆಗಳಲ್ಲಿ ಕುಸಿತ ಹೆಚ್ಚು ಎಂದೂ ಆ ಅಧ್ಯಯನ ಹೇಳಿತು. ಎರಡನೆಯದು ಹೆಣ್ಣಾದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಸರ್ಕಾರ ಈಗ 6,000 ರೂಪಾಯಿ ಕೊಡುತ್ತಿದೆ. ಹಾಗೆ ಕೊಡಬೇಕಾಗಿ ಬಂದದ್ದೇ ನಾಚಿಕೆಗೇಡು.

ಮನೆಯಲ್ಲಿ ಆಗಲೇ ಇರುವ ಮಗುವಿನ ಮಾತಿಗೆ ಬರೋಣ. ತಮ್ಮನೋ ತಂಗಿಯೋ ಬಂದಾಗ ದೊಡ್ಡದು ಸಿಂಹಾಸನದಿಂದ ಇಳಿದ ಅರಸನಂತಾಗುತ್ತದೆ ಎಂದವರು ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್. ಚಡ್ಡಿಯಲ್ಲೇ ಒಂದ ಮಾಡಿಕೊಳ್ಳುವುದು, ಬಿಟ್ಟಿದ್ದ ಬಾಟಲಿ ಮತ್ತೆ ಕೇಳುವುದು, ‘ಪಾಪೂನ ವಾಪಸ್ ಕೊಟ್ಟುಬಿಡು’ ಎನ್ನುವುದು ಎಲ್ಲರೂ ಕಂಡದ್ದೇ. ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಆದರೆ ದೊಡ್ಡವರು ಜವಾಬ್ದಾರರು, ಎರಡನೆಯವರು ಪುಂಡರು ಎಂಬ ಮಾತಿಗೆ ಆಧಾರವಿಲ್ಲ. 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಸೋಸಿದಾಗ ಹುಟ್ಟಿದ ಕ್ರಮಕ್ಕೂ ಸ್ವಭಾವಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಬುದ್ಧಿಮತ್ತೆಯಲ್ಲಿ ಚೊಚ್ಚಲರು ಸರಾಸರಿ ಎರಡು ಮೂರು ಅಂಕ ಮುಂದಿರುವುದು ನಿಜ, ಅದಕ್ಕೂ ಕಾರಣ ಗರ್ಭದಲ್ಲಿಲ್ಲ. ನಾರ್ವೆಯ 2.4 ಲಕ್ಷ ಯುವಕರ ಅಂಕಗಳನ್ನು ನೋಡಿದ 2007ರ ಅಧ್ಯಯನದಲ್ಲಿ, ಅಣ್ಣನೋ ಅಕ್ಕನೋ ಎಳವೆಯಲ್ಲೇ ತೀರಿಹೋಗಿ ತಾವೇ ಹಿರಿಯರಾಗಿ ಬೆಳೆದ ಎರಡನೆಯವರು ಚೊಚ್ಚಲರಷ್ಟೇ ಅಂಕ ಪಡೆದಿದ್ದರು. ಮನೆಯಲ್ಲಿ ಸಿಕ್ಕ ಜಾಗ ಲೆಕ್ಕಕ್ಕೆ ಬಂತು, ಒಡಲಿನ ಸರದಿಯಲ್ಲ.

ಎರಡನೆಯವರಿಗೆ ಒಂದು ಲಾಭವುಂಟು. 1989ರಲ್ಲಿ ಡೇವಿಡ್ ಸ್ಟ್ರಾಕನ್ ಬ್ರಿಟನ್ನಿನಲ್ಲಿ 1958ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ 17,414 ಮಕ್ಕಳ ವಿವರ ಪರಿಶೀಲಿಸಿ, ಅಣ್ಣ ಅಕ್ಕಂದಿರು ಹೆಚ್ಚಿದ್ದವರಿಗೆ ಪರಾಗದ ಅಲರ್ಜಿ ಕಡಿಮೆ ಎಂದು ಕಂಡರು. ದೊಡ್ಡ ಮಕ್ಕಳು ಹೊರಗಿನಿಂದ ತರುವ ಸೋಂಕುಗಳು ಎಳೆಯ ದೇಹಕ್ಕೆ ಪಾಠ ಕಲಿಸುತ್ತವೆ ಎಂಬುದು ಅವರ ಊಹೆ. ಎಲ್ಲ ಸೋಂಕೂ ಪಾಠ ಕಲಿಸುವಂಥದ್ದಲ್ಲ. ನಾಯಿಕೆಮ್ಮು ಎರಡು ತಿಂಗಳ ಕೂಸಿನ ಉಸಿರನ್ನೇ ನಿಲ್ಲಿಸಬಲ್ಲದು, ಅದನ್ನು ಮನೆಗೆ ತರುವವರಲ್ಲಿ ಅಂಗನವಾಡಿಗೋ ಶಾಲೆಗೋ ಹೋಗುವ ಅಣ್ಣ ಅಕ್ಕಂದಿರೂ ಇರುತ್ತಾರೆ. ಕೂಸಿಗೆ ನಾಯಿಕೆಮ್ಮಿನ ಮೊದಲ ಲಸಿಕೆ ಆರನೇ ವಾರಕ್ಕೆ. ಅಲ್ಲಿಯವರೆಗೆ ಅದಕ್ಕೆ ಸುತ್ತಲಿನವರೇ ರಕ್ಷಣೆ. ದೊಡ್ಡದಕ್ಕೆ ಒಂದೂವರೆ ವರ್ಷದ ಸುಮಾರಿಗೆ ಒಂದು, ಐದು ಆರು ವರ್ಷಕ್ಕೆ ಇನ್ನೊಂದು, ನಾಯಿಕೆಮ್ಮನ್ನೂ ತಡೆಯುವ ಡಿಪಿಟಿ ಬೂಸ್ಟರ್ ಆಗಿರಬೇಕು. ಎರಡನೆಯ ಬೂಸ್ಟರನ್ನು ಮರೆಯುವವರುಂಟು. ಮನೆಯಲ್ಲಿ ಎರಡನೆಯ ಬಸುರಿ ಇದ್ದರೆ ಇವತ್ತೇ ದೊಡ್ಡ ಮಗುವಿನ ಲಸಿಕೆ ಕಾರ್ಡ್ ತೆಗೆದು ನೋಡಿ. ಬಾಕಿಯಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಹೆರಿಗೆಗೆ ಮೊದಲೇ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.